ಪ್ರತಿಕೃತಿ ಬಂದೂಕಿನ ಕೆತ್ತನೆ ಮತ್ತು ಬೆಲೆಯನ್ನು ಅಳೆಯುವ ಬಗೆ: ವಾಡೆಯ ಜೋಡುನಳಿಗೆಯಿಂದ ಜಪಾನಿನ ಪಾರ್ಕರ್‌ವರೆಗೆ

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಹಳೆಯ ದೇಸಾಯಿ ಹಾಗೂ ಗೌಡರ ಮನೆತನಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆ ಬಂದೂಕು ಇಂದಿಗೂ ಪರವಾನಗಿಯೊಂದಿಗೆ ಉಳಿದುಕೊಂಡಿರುವುದುಂಟು. ಮನೆ ಪಾಲಾಗುವಾಗ ಅಥವಾ ಹಿರಿಯರು ತೀರಿಕೊಂಡ ಮೇಲೆ ಪರವಾನಗಿಯ ಪ್ರಶ್ನೆ ಬಂದಾಗ ಅದರ ಬೆಲೆ ಎಷ್ಟೆಂಬ ಮಾತು ಏಳುತ್ತದೆ. ಆಗ ಎಲ್ಲರ ಕಣ್ಣು ಮೊದಲು ಹೋಗುವುದು ಉಕ್ಕಿನ ಮೇಲಿನ ಹೂಬಳ್ಳಿ, ನಾಯಿ, ಹಕ್ಕಿಗಳ ಕೆತ್ತನೆಯ ಕಡೆಗೆ. ಕೆತ್ತನೆ ಎಷ್ಟು ಹೆಚ್ಚೋ ಬೆಲೆಯೂ ಅಷ್ಟು ಹೆಚ್ಚು ಎಂಬ ಲೆಕ್ಕ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ, ಆದರೆ ಆ ಲೆಕ್ಕ ತಪ್ಪು. ಬಂದೂಕು ಯಾವುದು, ಯಾರು ಮಾಡಿದ್ದು, ಮೂಲವೋ ಪ್ರತಿಕೃತಿಯೋ ಎಂಬುದು ಖಚಿತವಾದ ಮೇಲೆ ಮಾತ್ರ ಕೆತ್ತನೆಗೆ ಬೆಲೆ ಬರುತ್ತದೆ. ಆಗಲೂ ಕೆತ್ತನೆ ಎಷ್ಟಿದೆ ಎಂಬುದಕ್ಕಿಂತ ಅದನ್ನು ಹೇಗೆ ಕಡಿಯಲಾಗಿದೆ ಎಂಬುದೇ ಮುಖ್ಯವಾಗುತ್ತದೆ. ಅಮೆರಿಕದಲ್ಲಿ ನೆಲೆಸಿ ಅಲ್ಲಿ ಸಂಗ್ರಹಕ್ಕೆಂದು ಪ್ರತಿಕೃತಿ ಬಂದೂಕು ಕೊಳ್ಳುವ ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಮೊದಲು ಮೂರು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಹೆಸರಾಂತ ತಯಾರಕರು ತಮ್ಮ ಕಾಲದಲ್ಲಿ ಮಾಡಿದ್ದು ಮೂಲ. ಆ ಮಾದರಿಯನ್ನು ಬಳಿಕ ಬೇರೊಬ್ಬರು ಬಹಿರಂಗವಾಗಿ, ತಮ್ಮ ಗುರುತಿನೊಂದಿಗೆ ಮರುತಯಾರಿಸಿದ್ದು ಪ್ರತಿಕೃತಿ. ಬೇರೆಯವರ ಹೆಸರನ್ನು ಕದ್ದು, ಕೊಳ್ಳುವವರನ್ನು ನಂಬಿಸಲೆಂದೇ ಮಾಡಿದ್ದು ನಕಲಿ. ಪ್ರತಿಕೃತಿಯನ್ನು ನಕಲಿಯೆಂದು ಹೀಗಳೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಕನೆಕ್ಟಿಕಟ್‌ನ ಮೆರಿಡನ್ ಊರಿನ ಪಾರ್ಕರ್ ಬ್ರದರ್ಸ್ ಸಂಸ್ಥೆಯ ಬಂದೂಕುಗಳು ಅಮೆರಿಕದ ಸಂಗ್ರಾಹಕರಲ್ಲಿ ಬಹು ಬೇಡಿಕೆಯವು. ಸಂಸ್ಥೆ 1934ರಲ್ಲಿ ರೆಮಿಂಗ್ಟನ್ ಎಂಬ ಇನ್ನೊಂದು ಬಂದೂಕು ಸಂಸ್ಥೆಗೆ ಮಾರಾಟವಾಯಿತು, ಎರಡನೆಯ ಮಹಾಯುದ್ಧದ ಹೊತ್ತಿಗೆ ತಯಾರಿಕೆ ನಿಂತಿತು. ಒಟ್ಟು ತಯಾರಾದವು ಸುಮಾರು 2,42,000. 1980ರ ದಶಕದಲ್ಲಿ ಜಪಾನಿನ ಓಲಿನ್-ಕೊಡೆನ್ಷಾ ಕಾರ್ಖಾನೆಯಲ್ಲಿ ಈ ಮಾದರಿಯನ್ನು ಎಷ್ಟು ನಿಷ್ಠೆಯಿಂದ ಮರುತಯಾರಿಸಲಾಯಿತೆಂದರೆ, ಬಿಡಿಭಾಗಗಳು ಮೂಲ ಪಾರ್ಕರ್‌ಗೂ ಕೂರುವಷ್ಟು ಅಳತೆ ಹೊಂದುತ್ತಿತ್ತು. ಪಾರ್ಕರ್ ರಿಪ್ರೊಡಕ್ಷನ್ ಎಂಬ ಹೆಸರಿನಲ್ಲೇ ಮಾರಾಟವಾದ ಈ ಬಂದೂಕುಗಳು ಕೆಲವೇ ವರ್ಷ ತಯಾರಾಗಿ ನಿಂತವು, ಆದ್ದರಿಂದ ಅವೇ ಈಗ ಸಂಗ್ರಹಯೋಗ್ಯವಾಗಿವೆ. ಹಾಗೆಯೇ ಎ. ಎಚ್. ಫಾಕ್ಸ್ ಎಂಬ ಹಳೆಯ ಅಮೆರಿಕನ್ ಬಂದೂಕಿನ ಮಾದರಿಯನ್ನು 1993ರಿಂದ ನ್ಯೂ ಬ್ರಿಟನ್ ಊರಿನ ಕನೆಕ್ಟಿಕಟ್ ಶಾಟ್‌ಗನ್ ಸಂಸ್ಥೆ ಮತ್ತೆ ತಯಾರಿಸತೊಡಗಿತು. ಇವುಗಳ ಬೆಲೆಯನ್ನು ಇವುಗಳದೇ ಮಾರುಕಟ್ಟೆಯಲ್ಲಿ ಅಳೆಯಬೇಕು.

ನಮ್ಮ ಸೀಮೆಯ ಮನೆಗಳಲ್ಲಿ ಇಂಥ ಅಮೆರಿಕನ್ ಪ್ರತಿಕೃತಿ ಸಿಗುವ ಸಂಭವ ಕಡಿಮೆ, ಏಕೆಂದರೆ 1980ರ ದಶಕದಿಂದ ಸಾಮಾನ್ಯ ನಾಗರಿಕರಿಗೆ ವಿದೇಶಿ ಬಂದೂಕಿನ ಆಮದು ಬಹುಮಟ್ಟಿಗೆ ಮುಚ್ಚಿದೆ. ಇಲ್ಲಿ ಕಾಣಸಿಗುವುದು ಹೆಚ್ಚಾಗಿ ಇಂಗ್ಲಿಷ್ ಹೆಸರನ್ನು ಹೋಲುವ ಹೆಸರು ಹೊತ್ತ ಬೆಲ್ಜಿಯಂ ಬಂದೂಕುಗಳು, ಬಿಹಾರದ ಮುಂಗೇರ್‌ನ ತಯಾರಿಕೆಗಳು, ಇಚ್ಛಾಪುರದ ಸರ್ಕಾರಿ ಕಾರ್ಖಾನೆಯ ಬಂದೂಕುಗಳು ಮತ್ತು ಅಪರೂಪಕ್ಕೊಮ್ಮೆ ಕಲ್ಕತ್ತೆಯ ಮ್ಯಾಂಟನ್ ಅಥವಾ ರೊಡ್ಡಾ ಅಂಗಡಿಗಳ ಮೂಲಕ ಬಂದ ನಿಜವಾದ ಇಂಗ್ಲಿಷ್ ಸರಕು.

ಕೈಗೆತ್ತಿಕೊಳ್ಳುವ ಮುನ್ನ

ನಳಿಗೆಯನ್ನು ಗೋಡೆಯ ಅಥವಾ ನೆಲದ ಕಡೆಗೆ ತಿರುಗಿಸಿ, ಬಂದೂಕನ್ನು ಕೀಲಿನಲ್ಲಿ ಬಾಗಿಸಿ ತೆರೆದು, ತೋಟಾ ಕೂರುವ ಎರಡೂ ಕೊಠಡಿಗಳಲ್ಲಿ ತೋಟಾ ಇಲ್ಲವೆಂಬುದನ್ನು ಕಣ್ಣಾರೆ ಕಾಣಬೇಕು. ‘ಮೂವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ’ ಎಂಬ ಮಾತನ್ನು ನಂಬಬಾರದು. ಖಾಲಿ ಬಂದೂಕಿನ ಟ್ರಿಗರ್ ಎಳೆದು ನೋಡುವುದೂ ಬೇಡ, ತೋಟಾಕ್ಕೆ ಬಡಿಯುವ ಹಳೆಯ ಫೈರಿಂಗ್ ಪಿನ್ ಮುರಿಯಬಹುದು. ಪರವಾನಗಿದಾರರು ಎದುರಿಗೆ ಇರಬೇಕು, ಪರವಾನಗಿ ಪುಸ್ತಕದಲ್ಲಿರುವ ಸಂಖ್ಯೆ ಬಂದೂಕಿನ ಮೇಲಿನ ಸಂಖ್ಯೆಗೆ ತಾಳೆಯಾಗಬೇಕು. ಅದು ತಾಳೆಯಾಗದಿದ್ದರೆ ಬೆಲೆಯ ಮಾತು ಅಲ್ಲಿಗೇ ನಿಲ್ಲಬೇಕು.

ಪರೀಕ್ಷೆಗೆ ಹೆಚ್ಚಿನ ಸಲಕರಣೆ ಬೇಕಿಲ್ಲ. ಪತ್ತಾರರು ಬಳಸುವ ಹತ್ತು ಪಟ್ಟು ಹಿಗ್ಗಿಸುವ ಕಣ್ಣುಗನ್ನಡಿ, ಓರೆಯಾಗಿ ಹಿಡಿಯಬಹುದಾದ ಸಣ್ಣ ಟಾರ್ಚ್, ಮೆತ್ತನೆಯ ಬಟ್ಟೆ, ಅಳತೆಪಟ್ಟಿ ಮತ್ತು ಒಳ್ಳೆಯ ಕ್ಯಾಮೆರಾ ಇರುವ ಮೊಬೈಲ್ ಸಾಕು. ಸ್ಕ್ರೂಡ್ರೈವರನ್ನು ಮಾತ್ರ ತರಬಾರದು. ಹಳೆಯ ಬಂದೂಕಿನ ಸ್ಕ್ರೂಗಳ ಸೀಳು ಕೂದಲೆಳೆಯಷ್ಟು ಕಿರಿದು. ಅಂಗಡಿಯ ಸ್ಕ್ರೂಡ್ರೈವರ್ ಹಾಕಿ ಒಂದು ಸಲ ಜಾರಿದರೆ, ತಲೆಯ ಮೇಲಿನ ಕೆತ್ತನೆಯ ಜೊತೆ ಬೆಲೆಯ ಒಂದು ಪಾಲೂ ಹೋಗುತ್ತದೆ.

ಮುದ್ರೆಗಳನ್ನು ಓದುವುದು

ನಳಿಗೆಯಡಿ ಕೈ ಹಿಡಿಯುವ ಮುಂದಿನ ಮರವನ್ನು ಬಿಡಿಸಿ ನಳಿಗೆಗಳನ್ನು ಹೊರತೆಗೆದರೆ, ಅವುಗಳ ಬುಡದಡಿಯ ಚಪ್ಪಟೆ ಭಾಗದಲ್ಲಿ ಚಿಕ್ಕ ಮುದ್ರೆಗಳು ಕಾಣುತ್ತವೆ. ಬಂದೂಕಿನ ಜಾತಕ ಇರುವುದು ಇಲ್ಲಿಯೇ. ಇಂಗ್ಲೆಂಡಿನಲ್ಲಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳಲ್ಲಿ, ಬೆಲ್ಜಿಯಂನಲ್ಲಿ ಲೀಜ್ ನಗರದಲ್ಲಿ ಸರ್ಕಾರಿ ಮಾನ್ಯತೆಯ ಪರೀಕ್ಷಾಗೃಹಗಳಿದ್ದು, ಪ್ರತಿ ನಳಿಗೆಯನ್ನು ಹೆಚ್ಚಿನ ಮದ್ದು ತುಂಬಿ ಹಾರಿಸಿ, ತಾಳಿದ ಮೇಲೆ ಮುದ್ರೆ ಒತ್ತುತ್ತಿದ್ದವು. ಅಂಡಾಕಾರದ ಚೌಕಟ್ಟಿನೊಳಗೆ ಇ, ಎಲ್, ಜಿ ಎಂಬ ಮೂರು ರೋಮನ್ ಅಕ್ಷರಗಳಿದ್ದರೆ ಅದು ಲೀಜ್ ಮುದ್ರೆ. ಆ ಅಂಡಾಕಾರದ ಮೇಲೆ ಕಿರೀಟವಿದ್ದರೆ ಬಂದೂಕು 1893ರ ಬಳಿಕದ್ದು. ಕಿರೀಟದ ಕೆಳಗೆ ಬಿ-ಪಿ ಅಥವಾ ಬಿ-ವಿ ಅಕ್ಷರಗಳಿದ್ದರೆ 1904ರ ಬಳಿಕದ ಬರ್ಮಿಂಗ್‌ಹ್ಯಾಮ್ ಮುದ್ರೆ. ಅಮೆರಿಕದಲ್ಲಿ ಇಂಥ ಸರ್ಕಾರಿ ಪರೀಕ್ಷಾಗೃಹವೇ ಇರಲಿಲ್ಲ, ಆದ್ದರಿಂದ ಮೂಲ ಪಾರ್ಕರ್‌ನಲ್ಲಿ ಇವು ಇರುವುದಿಲ್ಲ.

ಈ ಒಂದು ಹೆಜ್ಜೆ ಎಷ್ಟೋ ಭ್ರಮೆಗಳನ್ನು ಕಳೆಯುತ್ತದೆ. ಬರ್ಮಿಂಗ್‌ಹ್ಯಾಮ್‌ನ ವೆಸ್ಟ್‌ಲಿ ರಿಚರ್ಡ್ಸ್ ಪ್ರಸಿದ್ಧ ಸಂಸ್ಥೆ. ಅದರ ಖ್ಯಾತಿಯ ನೆರಳಿನಲ್ಲಿ ‘ಡಬ್ಲ್ಯು. ರಿಚರ್ಡ್ಸ್’ ಎಂದು ಬರೆದ ಅಗ್ಗದ ಬೆಲ್ಜಿಯಂ ಬಂದೂಕುಗಳು ದೇಶದೇಶಕ್ಕೆ ಹೋದವು. ಮೇಲ್ಗಡೆ ರಿಚರ್ಡ್ಸ್ ಎಂಬ ಹೆಸರಿದ್ದು, ಕೆಳಗಡೆ ಲೀಜ್ ಮುದ್ರೆ ಮಾತ್ರ ಇದ್ದರೆ, ಕೆತ್ತನೆ ಎಷ್ಟೇ ಸೊಗಸಾಗಿದ್ದರೂ ಅದನ್ನು ಆ ಇಂಗ್ಲಿಷ್ ಸಂಸ್ಥೆಯ ಬೆಲೆಗೆ ಕೊಳ್ಳಬಾರದು. ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಓದಬೇಕು, ಕಣ್ಣು ಒಗ್ಗಿದ ಹೆಸರನ್ನೇ ಕಾಣುತ್ತದೆ.

ನಮ್ಮ ಭಾಗದಲ್ಲಿ ಬಂದೂಕಿಗೆ ಕಥೆ ಅಂಟಿಸುವುದೂ ಉಂಟು. ನರಗುಂದದ ಬಾಬಾಸಾಹೇಬರ ಮತ್ತು ಮುಂಡರಗಿ ಭೀಮರಾಯರ 1858ರ ಬಂಡಾಯದ ನೆನಪು ಈ ನೆಲದಲ್ಲಿ ಜೀವಂತವಾಗಿದೆ, ಮತ್ತು ಆ ಬಂಡಾಯದ ಬಂದೂಕು ಎಂದೊಡನೆ ಯಾರ ಮೈಯಾದರೂ ಪುಳಕಗೊಳ್ಳುತ್ತದೆ. ಆದರೆ ತೋಟಾ ಸಿಡಿಸುವ ಸುತ್ತಿಗೆ, ಅಂದರೆ ಹ್ಯಾಮರ್, ಹೊರಗೆ ಕಾಣದ, ಯಂತ್ರವೆಲ್ಲ ಪೆಟ್ಟಿಗೆಯಂಥ ಉಕ್ಕಿನೊಳಗೆ ಅಡಗಿರುವ ಆನ್ಸನ್ ಮತ್ತು ಡೀಲಿ ವಿನ್ಯಾಸಕ್ಕೆ ಪೇಟೆಂಟ್ ದೊರೆತದ್ದು 1875ರಲ್ಲಿ. ಅಂಥ ಬಂದೂಕು, ಅಥವಾ ಕಿರೀಟದ ಲೀಜ್ ಮುದ್ರೆ ಹೊತ್ತ ಬಂದೂಕು, 1858ರಲ್ಲಿ ಯಾರ ಕೈಯಲ್ಲೂ ಇದ್ದಿರಲು ಸಾಧ್ಯವಿಲ್ಲ. ಮನೆತನದ ನೆನಪನ್ನು ಗೌರವದಿಂದ ಕೇಳೋಣ, ಬೆಲೆಯನ್ನು ಮಾತ್ರ ಮುದ್ರೆಯಿಂದ ಕಟ್ಟೋಣ.

ಅಮೆರಿಕದಲ್ಲಿ ಪ್ರತಿಕೃತಿ ಕೊಳ್ಳುವವರು ಇನ್ನೂ ಒಂದು ಸ್ಥಳವನ್ನು ಗಮನಿಸಬೇಕು. ಆಮದಾದ ಬಂದೂಕಿನ ಮೇಲೆ ತಯಾರಾದ ದೇಶ ಮತ್ತು ಆಮದುದಾರರ ಗುರುತು ಇರಬೇಕೆಂಬುದು ಅಲ್ಲಿನ ಕಾನೂನು. ಆ ಬರಹ ಇರಬೇಕಾದ ಕಡೆ ಉಕ್ಕು ತುಸು ತಗ್ಗಿದ್ದರೆ, ನೀಲಿ ಬಣ್ಣ ಸುತ್ತಲಿನದಕ್ಕಿಂತ ಹೊಸದಾಗಿದ್ದರೆ, ಪ್ರತಿಕೃತಿಯನ್ನು ಮೂಲವೆಂದು ಮಾರುವ ಸಿದ್ಧತೆ ನಡೆದಿದೆ ಎಂದೇ ತಿಳಿಯಬೇಕು. ಮಾದರಿಯ ಅಕ್ಷರಗಳೂ ಉಪಯುಕ್ತ. ಪಾರ್ಕರ್‌ನ ‘ಡಿ-ಎಚ್-ಇ’ ಎಂದರೆ ಡಿ ದರ್ಜೆ, ಹೊರ ಹ್ಯಾಮರ್ ಇಲ್ಲದ್ದು, ಖಾಲಿ ತೋಟಾವನ್ನು ತಾನೇ ಹೊರಚಿಮ್ಮಿಸುವಂಥದ್ದು. ಆ ದರ್ಜೆಗೆ ತಕ್ಕ ಕೆತ್ತನೆ ಇದೆಯೇ ಎಂದು ಹೋಲಿಸಬೇಕು. ಕಡಿಮೆ ದರ್ಜೆಯ ಗುರುತಿದ್ದು ಮೇಲೆ ಭಾರಿ ಕೆತ್ತನೆ ಇದ್ದರೆ, ಅದು ಆಮೇಲೆ ಸೇರಿಸಿದ್ದು. ಮೂಲ ಪಾರ್ಕರ್ ಎಂದು ಹೇಳಿದರೆ, ಪಾರ್ಕರ್ ಸಂಗ್ರಾಹಕರ ಸಂಘವು ಸಂಸ್ಥೆಯ ಹಳೆಯ ಆರ್ಡರ್ ಪುಸ್ತಕಗಳನ್ನು ನೋಡಿ ಕೊಡುವ ಪತ್ರವನ್ನು ಕೇಳಬೇಕು.

ಕೆತ್ತನೆಯನ್ನು ನೋಡುವ ಕ್ರಮ

ಇಲ್ಲಿ ಅವಸರ ಬೇಡ. ಟಾರ್ಚನ್ನು ನೇರವಾಗಿ ಹಿಡಿದರೆ ಎಲ್ಲ ಕೆತ್ತನೆಯೂ ಚೆನ್ನಾಗಿಯೇ ಕಾಣುತ್ತದೆ. ಬೆಳಕನ್ನು ಪಕ್ಕದಿಂದ, ಉಕ್ಕಿಗೆ ಸವರುವಂತೆ ಓರೆಯಾಗಿ ಬಿಟ್ಟು, ಕಣ್ಣುಗನ್ನಡಿಯಲ್ಲಿ ಒಂದೇ ಗೆರೆಯನ್ನು ಅದರ ಆರಂಭದಿಂದ ಕೊನೆಯವರೆಗೆ ಹಿಂಬಾಲಿಸಬೇಕು.

ಕೈಯಿಂದ ಉಳಿ ಹಿಡಿದು ಕಡಿದ ಗೆರೆ ಸಪೂರವಾಗಿ ಹುಟ್ಟಿ, ತಿರುವಿನಲ್ಲಿ ದಪ್ಪಗೊಂಡು, ಮತ್ತೆ ಸಪೂರವಾಗಿ ಮುಗಿಯುತ್ತದೆ. ಗೆರೆಯ ಎರಡು ಇಳಿಜಾರುಗಳು ತಳದಲ್ಲಿ ಚೂಪಾಗಿ ಕೂಡುತ್ತವೆ, ಆ ಇಳಿಜಾರುಗಳು ನಯವಾಗಿದ್ದು ಬಂದೂಕನ್ನು ತಿರುಗಿಸಿದಂತೆ ಬೆಳಕು ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಅಚ್ಚಿನ ಉರುಳೆಯಿಂದ ಒತ್ತಿದ ಕೆತ್ತನೆಯಲ್ಲಿ ಉಕ್ಕು ಕತ್ತರಿಸಿ ಹೋಗಿರುವುದಿಲ್ಲ, ಬದಿಗೆ ಸರಿದಿರುತ್ತದೆ. ಹೀಗಾಗಿ ಅಂಚು ಮೊಂಡಾಗಿ, ಕೆಲವೆಡೆ ಉಬ್ಬಿ, ತಳ ದುಂಡಗಿರುತ್ತದೆ ಮತ್ತು ಆಳ ಎಲ್ಲೆಡೆ ಒಂದೇ ಸಮ ಇರುತ್ತದೆ. ಆಮ್ಲದಿಂದ ಕೊರೆದದ್ದರ ತಳ ಚಪ್ಪಟೆಯಾಗಿ ಮರಳುಮರಳಾಗಿದ್ದು, ಗೋಡೆ ಕೊರಕಲಾಗಿರುತ್ತದೆ. ಲೇಸರ್ ಕೆತ್ತನೆಯಲ್ಲಿ ಗೆರೆ ದೂರಕ್ಕೆ ಅತ್ಯಂತ ಚೊಕ್ಕ ಕಾಣುತ್ತದೆ, ಹಿಗ್ಗಿಸಿದಾಗ ಮಾತ್ರ ಚುಕ್ಕಿಗಳ ಸಾಲು ಮತ್ತು ಸುಟ್ಟಂಥ ಮಂಕು ತಳ ಹೊರಬೀಳುತ್ತದೆ. ಈಗಿನ ಅನೇಕ ಬಂದೂಕುಗಳಲ್ಲಿ ಯಂತ್ರದಿಂದ ವಿನ್ಯಾಸ ಮೂಡಿಸಿ, ಅದರ ಮೇಲೆ ಕೈಯಿಂದ ಕೆಲವು ಗೆರೆ ತೀಡುತ್ತಾರೆ. ಅದು ತಪ್ಪಲ್ಲ, ಆದರೆ ಅದಕ್ಕೆ ಪೂರ್ತಿ ಕೈಕೆತ್ತನೆಯ ಬೆಲೆ ಸಲ್ಲದು. ‘ಹ್ಯಾಂಡ್ ಫಿನಿಶ್ಡ್’ ಎಂಬ ಜಾಹೀರಾತಿನ ಮಾತು ಕಂಡಲ್ಲಿ, ಎಷ್ಟು ಕೈಯಿಂದ, ಯಾವ ಭಾಗ ಕೈಯಿಂದ ಎಂದು ಬರವಣಿಗೆಯಲ್ಲಿ ಕೇಳಬೇಕು.

ಎರಡನೆಯ ಪರೀಕ್ಷೆ ಎಡಬಲಗಳ ಹೋಲಿಕೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಎರಡು ಬದಿಯ ಬಳ್ಳಿಗಳನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ವಿನ್ಯಾಸ ಒಂದೇ ಆದರೂ ಪ್ರತಿ ಸುರುಳಿಯಲ್ಲೂ ಉಳಿಯ ಪೆಟ್ಟು ಬೇರೆ, ಆದರೆ ಸಿಮೆಂಟಿನ ಅಚ್ಚಿನ ಬಳ್ಳಿಯಲ್ಲಿ ಗುಳ್ಳೆ ಬಿದ್ದ ಜಾಗವೂ ಎರಡು ಕಡೆ ಒಂದೇ. ಬಂದೂಕಿನ ಎಡ ಮತ್ತು ಬಲ ಬದಿಗಳ ಒಂದೊಂದು ಸುರುಳಿಯನ್ನು ಮೊಬೈಲಿನಲ್ಲಿ ತೆಗೆದು, ಒಂದು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಅಕ್ಕಪಕ್ಕ ಇಟ್ಟರೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದಲ್ಲಿ ಅದು ಯಂತ್ರದ ಕೆಲಸ.

ಕೈಯಿಂದ ಕಡಿದದ್ದೆಲ್ಲ ಉತ್ತಮ ಎಂದೂ ಅಲ್ಲ. ಒಳ್ಳೆಯ ಕೆಲಸಗಾರನ ಸುರುಳಿ ಎಲ್ಲೂ ಮುರಿಯದೆ, ಕೋನ ಕಾಣಿಸದೆ ಒಳಗೆ ಸುತ್ತಿಕೊಳ್ಳುತ್ತದೆ. ಕಳಪೆ ಕೆಲಸದಲ್ಲಿ ಸುರುಳಿ ಅಲ್ಲಲ್ಲಿ ನೇರವಾಗಿ ಚಪ್ಪಟೆಯಾಗುತ್ತದೆ. ಪ್ರಾಣಿ, ಪಕ್ಷಿಗಳಿದ್ದರೆ ಕಣ್ಣು, ಕಾಲಿನ ಗಂಟು, ರೆಕ್ಕೆಯ ಬುಡ ಈ ಮೂರನ್ನು ನೋಡಬೇಕು. ಕೌಜುಗದ ಗರಿಗಳು ಮೈಯ ದುಂಡುತನಕ್ಕೆ ತಕ್ಕಂತೆ ತಿರುಗಬೇಕು, ನಾಯಿಯ ಮುಂಗಾಲು ಭುಜದಿಂದ ಹೊರಟಂತೆ ಕಾಣಬೇಕು. ಇಟಲಿಯ ಬ್ರೆಷಿಯಾ ಸೀಮೆಯ ತ್ರೊಂಪಿಯಾ ಕಣಿವೆಯ ಗಾರ್ಡೋನೆ ಊರಿನ ಕೆತ್ತನೆಗಾರರು ‘ಬುಲಿನೋ’ ಎಂಬ ವಿಧಾನದಲ್ಲಿ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಚುಕ್ಕಿ ಮತ್ತು ಗೀರುಗಳಿಂದ, ಛಾಯಾಚಿತ್ರದಂಥ ನೆರಳು-ಬೆಳಕು ತರುತ್ತಾರೆ. ಇಂಗ್ಲಿಷ್ ಸಂಪ್ರದಾಯದಲ್ಲಿ ಚಿಕ್ಕ ಗುಲಾಬಿ ಗೊಂಚಲು ಮತ್ತು ಬಿಗಿಯಾದ ಸುರುಳಿಗಳ ಶೈಲಿ ಪರ್ಡಿ ಸಂಸ್ಥೆಯ ಹೆಸರಿನೊಡನೆ ಬೆರೆತಿದೆ. ಬುಲಿನೋ ಕೆಲಸ ತೀರ ತೆಳುವಾದ್ದರಿಂದ ಒರೆಸಿ ಒರೆಸಿ ಬೇಗ ಸವೆಯುತ್ತದೆ, ಹೀಗಾಗಿ ಅದರ ಬೆಲೆ ಅದರ ಸ್ಥಿತಿಗೆ ಉಳಿದೆಲ್ಲ ಶೈಲಿಗಿಂತ ಹೆಚ್ಚು ಅಂಟಿಕೊಂಡಿದೆ.

ಬಳಿಕ ಸ್ಕ್ರೂಗಳು. ನಾನು ಯಾವುದೇ ಬಂದೂಕನ್ನು ನೋಡುವಾಗ ಹೆಚ್ಚು ಹೊತ್ತು ನಿಲ್ಲುವುದು ಇವುಗಳ ಮೇಲೆ. ಉತ್ತಮ ಬಂದೂಕಿನಲ್ಲಿ ಬಿಗಿದ ಸ್ಕ್ರೂಗಳ ಸೀಳುಗಳೆಲ್ಲ ನಳಿಗೆಯ ದಿಕ್ಕಿಗೇ ನಿಂತಿರುತ್ತವೆ, ಮತ್ತು ಉಕ್ಕಿನ ಮೇಲಿನ ಬಳ್ಳಿ ಸ್ಕ್ರೂವಿನ ತಲೆಯ ಮೇಲೂ ಕಡಿವಡೆಯದೆ ಹಾದುಹೋಗಿರುತ್ತದೆ. ಬಳ್ಳಿ ತಲೆಯ ಅಂಚಿನಲ್ಲಿ ತುಂಡಾಗಿದ್ದರೆ, ಸ್ಕ್ರೂ ಬದಲಾಗಿದೆ ಅಥವಾ ಮಿತಿಮೀರಿ ಬಿಗಿದು ಮುಂದೆ ತಿರುಗಿದೆ.

ಆಮೇಲೆ ಸೇರಿಸಿದ ಕೆತ್ತನೆಯನ್ನು ಕಂಡುಹಿಡಿಯಲು ಉಕ್ಕಿನ ಗುಣವನ್ನೇ ಆಶ್ರಯಿಸಬಹುದು. ಈ ಬಂದೂಕುಗಳ ಆಕ್ಷನ್, ಅಂದರೆ ನಳಿಗೆಯನ್ನೂ ಹಿಂದಿನ ಮರವನ್ನೂ ಜೋಡಿಸುವ ನಡುವಿನ ಉಕ್ಕು, ಮೂಳೆ ಮತ್ತು ಇದ್ದಿಲಿನ ಪುಡಿಯಲ್ಲಿ ಹುಗಿದು ಕಾಸಿ ನೀರಿಗೆ ಅದ್ದಿದ್ದು. ಅದರಿಂದ ಮೇಲ್ಮೈ ಗಡುಸಾಗುತ್ತದೆ, ನೀಲಿ, ಕಂದು, ಬೂದು ಬಣ್ಣಗಳು ಮೋಡದಂತೆ ಬೆರೆತು ಮೂಡುತ್ತವೆ. ಗಡುಸಾದ ಮೇಲ್ಮೈಯನ್ನು ಉಳಿ ಕಡಿಯಲಾರದು. ಆದ್ದರಿಂದ ಹೊಸ ಕೆತ್ತನೆ ಬೇಕೆಂದರೆ ಉಕ್ಕನ್ನು ಮತ್ತೆ ಕಾಸಿ ಮೆದು ಮಾಡಿ, ಕೆತ್ತಿ, ಪುನಃ ಗಡುಸು ಮಾಡಬೇಕು. ಈ ಕಾಯಿಸುವಿಕೆಯಲ್ಲಿ ಉಕ್ಕು ಎಳ್ಳಷ್ಟು ಸೊಟ್ಟಗಾದರೂ ನಳಿಗೆ ಕೂರುವ ಬಿಗಿ ಹೋಗುತ್ತದೆ. ಮರದ ಮೇಲಿನ ಗೀರುಗಳೆಲ್ಲ ಹಳೆಯವಾಗಿದ್ದು ಉಕ್ಕಿನ ಬಣ್ಣ ಮಾತ್ರ ನಿನ್ನೆಯದರಂತೆ ಹೊಳೆಯುತ್ತಿದ್ದರೆ, ಗೆರೆಗಳ ಆಳದಲ್ಲಿ ಹಳೆಯ ತುಕ್ಕಿನ ಗುಳಿಗಳು ಕಡಿದುಹೋಗಿದ್ದರೆ, ಮುದ್ರೆಯ ಅಕ್ಷರದ ಮೇಲೆಯೇ ಬಳ್ಳಿ ಹರಿದಿದ್ದರೆ, ಕೆತ್ತನೆ ನಂತರದ್ದು. ಅಂಥದಕ್ಕೆ ಕೆತ್ತನೆಯಿಲ್ಲದ ಮೂಲ ಬಂದೂಕಿಗಿಂತಲೂ ಕಡಿಮೆ ಕೊಡುವುದು ನ್ಯಾಯ.

ಗದಗ ಜಿಲ್ಲೆಯ ಒಂದು ವಾಡೆಯಲ್ಲಿ ನೋಡಿದ ಬೆಲ್ಜಿಯಂ ಬಂದೂಕಿನ ಬಲಬದಿಯ ಎಲೆಬಳ್ಳಿಯ ಗೆರೆಗಳಲ್ಲಿ ಕೆಂಪು ತುಂಬಿತ್ತು. ವರ್ಷವರ್ಷದ ಖಂಡೇ ಪೂಜೆಯ ಕುಂಕುಮ ಅದು, ಪೂಜೆಯ ನೀರಿನೊಡನೆ ಸೇರಿ ಗಟ್ಟಿಯಾಗಿ ಕೂತಿತ್ತು. ಅದರಡಿ ಉಕ್ಕು ಸೂಜಿಮೊನೆಯಷ್ಟು ಚುಕ್ಕಿಗಳಾಗಿ ತಿಂದುಹೋಗಿತ್ತು, ಪೂಜೆ ಮುಟ್ಟದ ಎಡಬದಿಯ ಕೆತ್ತನೆ ಮಾತ್ರ ಅಂಚು ಸಹಿತ ಉಳಿದಿತ್ತು. ಪೂಜೆ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕುಂಕುಮವನ್ನು ಮರದ ಹಿಡಿಗೆ ಕಟ್ಟಿದ ದಾರಕ್ಕೋ ಬಟ್ಟೆಗೋ ಹಚ್ಚಿ, ಉಕ್ಕನ್ನು ಅಂದೇ ಸಂಜೆ ಒಣ ಬಟ್ಟೆಯಿಂದ ಒರೆಸಿ ತೆಳುವಾಗಿ ಬಂದೂಕಿನ ಎಣ್ಣೆ ಸವರಿದರೆ ಎರಡೂ ಉಳಿಯುತ್ತವೆ. ಹುಣಸೆಹಣ್ಣು, ಬೂದಿ, ಹಿತ್ತಾಳೆ ಉಜ್ಜುವ ಪಾಲಿಶ್ ಇವನ್ನಂತೂ ಹತ್ತಿರ ಸುಳಿಯಗೊಡಬಾರದು. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟ ಬಂದೂಕು ಚರ್ಮ ಹೀರಿದ ತೇವದಿಂದಲೇ ತುಕ್ಕು ಹಿಡಿಯುತ್ತದೆ.

ನಳಿಗೆ, ಮರ, ಬಿಗಿ

ಇವು ಕೆತ್ತನೆಯಷ್ಟು ಕಣ್ಣು ಸೆಳೆಯುವುದಿಲ್ಲ, ಬೆಲೆಯನ್ನು ಇಳಿಸುವುದು ಮಾತ್ರ ಇವೇ. ನಳಿಗೆಯ ತುದಿಯಲ್ಲಿ ಎರಡು ಕೊಳವೆಗಳು ಒಂದಕ್ಕೊಂದು ತಾಗಿರಬೇಕು. ನಡುವೆ ಅಂತರವಿದ್ದು ಅದನ್ನು ಸೀಸದಿಂದ ತುಂಬಿದ್ದರೆ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಲಾಗಿದೆ. ನಳಿಗೆಯನ್ನು ದಾರದಿಂದ ತೂಗುಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿದರೆ ನಿಡಿದಾಗಿ ನಾದ ಹೊಮ್ಮಬೇಕು, ಸದ್ದು ಮಂಕಾಗಿದ್ದರೆ ನಡುವಿನ ಪಟ್ಟಿಯ ಬೆಸುಗೆ ಸಡಿಲವಾಗಿದೆ. ಮುಂದಿನ ಮರ ತೆಗೆದು ನಳಿಗೆ ಮುಚ್ಚಿ ಅಲುಗಿಸಿದಾಗ ಕದಲಬಾರದು, ಬುಡದ ಸಂದಿಯಲ್ಲಿ ಬೆಳಕು ತೂರಬಾರದು.

ಹಳೆಯ ಬಂದೂಕುಗಳ ನಳಿಗೆಯ ಮೇಲೆ ಕಾಣುವ ಅಲೆಅಲೆಯ ಡಮಾಸ್ಕಸ್ ವಿನ್ಯಾಸ, ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಹೆಣೆದು ಸುತ್ತಿ ಬಡಿದು ಮಾಡಿದ್ದರ ಗುರುತು. ಅಗ್ಗದ ಬಂದೂಕುಗಳಲ್ಲಿ ಸಾದಾ ನಳಿಗೆಯ ಮೇಲೆ ಆ ವಿನ್ಯಾಸವನ್ನು ಬರಿದೇ ಮೂಡಿಸಿದ್ದೂ ಇದೆ. ಮುಂದಿನ ಮರದಡಿ ಅಡಗಿರುವ ಭಾಗದಲ್ಲೂ ಅಲೆ ಮುಂದುವರಿದಿದೆಯೇ ಎಂದು ನೋಡಿದರೆ ಸಂಶಯ ಬಹುಮಟ್ಟಿಗೆ ತೀರುತ್ತದೆ. ನಿಜವಾದ ಡಮಾಸ್ಕಸ್ ಆಗಿದ್ದರೂ ಅದರಲ್ಲಿ ಈಗಿನ ತೋಟಾ ಹಾರಿಸಬಾರದು. ಆಧುನಿಕ ಉಕ್ಕಿನ ಪ್ರತಿಕೃತಿಗಳಿಗೆ ಬೇಡಿಕೆ ಇರುವುದರ ಒಂದು ಕಾರಣವೂ ಇದೇ: ಹಳೆಯ ರೂಪವನ್ನು ಇಟ್ಟುಕೊಂಡೇ ಅವುಗಳನ್ನು ಬಳಸಬಹುದು.

ಹಿಡಿಯ ಮರ ಸಾಮಾನ್ಯವಾಗಿ ಅಕ್ರೋಟದ್ದು. ಮೂಲ ಸ್ಥಿತಿಯಲ್ಲಿ ಮರ ಉಕ್ಕಿಗಿಂತ ಕೂದಲೆಳೆಯಷ್ಟು ಎತ್ತರ ಇರುತ್ತದೆ. ಉಕ್ಕಿಗಿಂತ ತಗ್ಗಿದ್ದರೆ ಮರವನ್ನು ಉಜ್ಜಿ ಹೊಸ ಮೆರುಗು ಕೊಡಲಾಗಿದೆ.

ಬೆಲೆಗೆ ಬರುವುದು

ಪ್ರತಿಕೃತಿಯ ಬೆಲೆಯನ್ನು ನಿರ್ಧರಿಸುವಾಗ ಅದನ್ನು ಅದೇ ಪ್ರತಿಕೃತಿಯ, ಅದೇ ದರ್ಜೆಯ, ಅದೇ ಗೇಜಿನ ಇನ್ನೊಂದರೊಡನೆ ಹೋಲಿಸಬೇಕು. ಗೇಜ್ ಎಂದರೆ ನಳಿಗೆಯ ಒಳಅಗಲದ ಅಳತೆ, ಅಂಕಿ ಹೆಚ್ಚಿದಂತೆ ನಳಿಗೆ ಕಿರಿದು. 12 ಗೇಜಿಗಿಂತ 20 ಮತ್ತು 28 ಗೇಜಿನ ಚಿಕ್ಕ ಬಂದೂಕುಗಳಿಗೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ಒಂದೂ ತೋಟಾ ಹಾರಿಸದೆ, ತಯಾರಕರ ಪೆಟ್ಟಿಗೆ, ಕೈಪಿಡಿ ಮತ್ತು ಚೀಟಿಯೊಡನೆ ಉಳಿದ ಪ್ರತಿಕೃತಿಗೂ, ಹೊಲ ಸುತ್ತಿ ಬಂದ ಅದರದೇ ಜೊತೆಯದಕ್ಕೂ ಬಹಳ ಅಂತರವಿರುತ್ತದೆ, ಏಕೆಂದರೆ ಪ್ರತಿಕೃತಿಗೆ ಇತಿಹಾಸದ ಬೆಂಬಲ ಇಲ್ಲದಿರುವಾಗ ಸ್ಥಿತಿಯೇ ಅದರ ಬಂಡವಾಳ. ಮಾರುವವರು ಕೇಳುತ್ತಿರುವ ಬೆಲೆ ಬೆಲೆಯಲ್ಲ, ಹರಾಜಿನಲ್ಲಿ ನಿಜವಾಗಿ ಮುಗಿದ ವ್ಯವಹಾರದ ಮೊತ್ತವೇ ಬೆಲೆ. ಮತ್ತು ಅಮೆರಿಕದ ಮೊತ್ತವನ್ನು ರೂಪಾಯಿಗೆ ತಿರುಗಿಸಿ ಹುಬ್ಬಳ್ಳಿಯಲ್ಲಿ ಹೇಳುವುದು ಅರ್ಥಹೀನ. ಇಲ್ಲಿ ಆಮದು ನಿಂತಿರುವುದರಿಂದ ಸಾಧಾರಣ ವಿದೇಶಿ ಬಂದೂಕಿಗೂ ಹೊರದೇಶದಲ್ಲಿ ಇಲ್ಲದ ದರ ಬರುತ್ತದೆ, ಆದರೆ ಕೊಳ್ಳುವವರು ಪರವಾನಗಿದಾರರೇ ಆಗಿರಬೇಕಾದ್ದರಿಂದ ಗಿರಾಕಿಗಳು ಬೆರಳೆಣಿಕೆಯಷ್ಟು. ಕೆತ್ತನೆಗೆಂದು ಹೆಚ್ಚಿಗೆ ಕೊಡುವ ಮೊತ್ತವನ್ನು ನಾನು ಯಾವಾಗಲೂ ಕೊನೆಗೆ, ಬೇರೆಯಾಗಿ ಬರೆಯುತ್ತೇನೆ: ಯಂತ್ರದ ಕೆತ್ತನೆಗೆ ಏನೂ ಇಲ್ಲ, ಕೈ ತೀಡಿದ್ದಕ್ಕೆ ಸ್ವಲ್ಪ, ಪೂರ್ತಿ ಕೈಕೆಲಸವಾಗಿದ್ದು ಅಂಚು ಸವೆಯದೆ ಉಳಿದಿದ್ದರೆ ಮಾತ್ರ ಗಣ್ಯ ಮೊತ್ತ.

ಕಾನೂನಿನ ಚೌಕಟ್ಟನ್ನು ಮರೆಯುವಂತಿಲ್ಲ. ಬಂದೂಕಿನ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು ಅಥವಾ ತಿದ್ದುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಆದ್ದರಿಂದ ಅಂದ ಹೆಚ್ಚಿಸಲೆಂದು ಪಾಲಿಶ್ ಮಾಡಿಸಿ ಸಂಖ್ಯೆ ಸವೆಸುವ ಸಾಹಸ ಬೇಡ. 2019ರ ತಿದ್ದುಪಡಿಯ ಬಳಿಕ ಒಬ್ಬರ ಬಳಿ ಇರಬಹುದಾದ ಬಂದೂಕುಗಳು ಎರಡು. ಪರವಾನಗಿದಾರರು ತೀರಿಕೊಂಡರೆ ವಾರಸುದಾರರು ತಡಮಾಡದೆ ಅದನ್ನು ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಠೇವಣಿ ಇಟ್ಟು, ಹುಬ್ಬಳ್ಳಿ-ಧಾರವಾಡ ನಗರದವರು ಪೊಲೀಸ್ ಆಯುಕ್ತರಿಗೆ, ಗದಗ ಮತ್ತು ಹಾವೇರಿಯವರು ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಒಬ್ಬ ಪರವಾನಗಿದಾರರು ಇನ್ನೊಬ್ಬರಿಗೆ ಮಾರುವುದಾದರೆ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಠಾಣೆಯ ಅಧಿಕಾರಿಗೆ ಮುಂಚಿತವಾಗಿ ಬರವಣಿಗೆಯಲ್ಲಿ ತಿಳಿಸಬೇಕು, ಹಾಗೆ ತಿಳಿಸಿದ ಮೇಲೆ ಕನಿಷ್ಠ 45 ದಿನ ಕಳೆಯಬೇಕು.

ಆ 45 ದಿನಗಳನ್ನು ಕೊಳ್ಳುವವರು ಮತ್ತು ಮಾರುವವರು ಸೇರಿ ವಿವರಪತ್ರ ಸಿದ್ಧಪಡಿಸಲು ಬಳಸಿಕೊಳ್ಳಬಹುದು. ಅದರಲ್ಲಿ ತಯಾರಾದ ದೇಶ, ಮುದ್ರೆಗಳ ಚಿತ್ರ, ನಳಿಗೆಯ ಉದ್ದ, ಕೆತ್ತನೆಯ ವಿಧಾನ, ಬದಲಾದ ಸ್ಕ್ರೂ ಅಥವಾ ಮೆರುಗು ಎಲ್ಲವೂ ಇರಲಿ, ಮತ್ತು ಹೆಸರಿನ ಸಾಲಿನಲ್ಲಿ ‘ರಿಚರ್ಡ್ಸ್ ಬಂದೂಕು’ ಎಂದಷ್ಟೇ ಬರೆಯದೆ, ‘ರಿಚರ್ಡ್ಸ್ ಹೆಸರು ಹೊತ್ತ, ಲೀಜ್ ಮುದ್ರೆಯ ಬೆಲ್ಜಿಯಂ ಬಂದೂಕು’ ಎಂದು ಪೂರ್ತಿಯಾಗಿ ಬರೆಯಿಸಿ ಇಬ್ಬರೂ ಸಹಿ ಹಾಕಬೇಕು.